ಮೊಟ್ಟೆಯ ಟ್ರೇ ಬೇಡ, ಮೊದಲು ಮನೆಯ ಮಾಡನ್ನು ನೋಡಿ

ಉಡುಪಿಯ ನಿಮ್ಮ ಮನೆಯ ಮಹಡಿಯಲ್ಲಿ ಮಕ್ಕಳ ಸಂಗೀತ ಶಾಲೆ ತೆರೆಯಲಿದ್ದೀರಿ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ಪಕ್ಕದ ಮನೆಗೆ ಸದ್ದು ಹೋಗುವುದು ನಿಲ್ಲುತ್ತದೆಯೇ ಎಂದು ಕೇಳಿದ್ದೀರಿ. ನಿಲ್ಲುವುದಿಲ್ಲ. ಸದ್ದನ್ನು ತಡೆಯುವುದು ತೂಕ. ಟ್ರೇಗೆ ತೂಕವೇ ಇಲ್ಲ, ಬೆಂಕಿಗೆ ಸುಲಭದ ತುತ್ತು ಬೇರೆ. ಬಾಗಿಲು, ಕಿಟಕಿಗಳ ಸಂದುಗಳನ್ನು ರಬ್ಬರ್ ಪಟ್ಟಿಯಿಂದ ಮುಚ್ಚಿ. ಟೊಳ್ಳು ಬಾಗಿಲಿದ್ದರೆ ಗಟ್ಟಿ ಮರದ್ದು ಹಾಕಿಸಿ.

ಕೋಣೆಯೊಳಗಿನ ಮಾರ್ದನಿ ಬೇರೆಯೇ ವಿಷಯ. ಖಾಲಿ ಕೋಣೆಯಲ್ಲಿ ಚಪ್ಪಾಳೆ ತಟ್ಟಿ. ಟರ್ರೆಂದು ಮರುಕಳಿಸಿದರೆ ಒಂದು ಗೋಡೆಗೆ ನೆರಿಗೆ ಬಿಟ್ಟ ದಪ್ಪ ಹತ್ತಿಯ ಪರದೆ, ಎದುರಿನದಕ್ಕೆ ಪುಸ್ತಕದ ಕಪಾಟು. ಪೂರ್ತಿ ಮೆತ್ತಗೆ ಮಾಡಬೇಡಿ. ನಾದ ಸತ್ತ ಕೋಣೆಯಲ್ಲಿ ಮಕ್ಕಳು ಕಿರುಚತೊಡಗುತ್ತಾರೆ.

ನಿಜವಾದ ತಲೆನೋವು ಜೂನ್‌ನಿಂದ. ತಗಡಿನ ಮಾಡಾದರೆ ಮಳೆಯಲ್ಲಿ ಪಾಠವೇ ಕೇಳಿಸದು; ಕೆಳಗೊಂದು ಸೀಲಿಂಗ್ ಕೊಟ್ಟು ನಡುವೆ ರಾಕ್‌ವೂಲ್ (ಕಲ್ಲನ್ನು ಕರಗಿಸಿ ಮಾಡಿದ ನಾರಿನ ಹಾಸು) ತುಂಬಿಸಿ. ತೇವಕ್ಕೆ ಮೃದಂಗದ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ, ಹಾಗಾಗಿ ವಾದ್ಯಗಳ ಕಪಾಟನ್ನು ಹೊರಗೋಡೆಗೆ ತಾಗಿಸಬೇಡಿ. ನೆಲಕ್ಕೆ ಅಂಟಿಸುವ ಕಾರ್ಪೆಟ್ ಬೇಡವೇ ಬೇಡ, ಬೂಷ್ಟು ಹಿಡಿಯುತ್ತದೆ (ನನ್ನದು ಮೊದಲ ಮಳೆಗಾಲಕ್ಕೇ ಹಿಡಿಯಿತು). ಬಿಸಿಲು ಬಂದಾಗ ಅಂಗಳಕ್ಕೆ ಒಯ್ದು ಒಣಗಿಸಬಹುದಾದ ಚಾಪೆ ಸಾಕು.