ಡಯಾಲಿಸಿಸ್ ನಡೆಯುವಾಗಲೇ ವ್ಯಾಯಾಮ ಮಾಡಬಹುದೇ?

ಪ್ರಶ್ನೆ: ಡಾಕ್ಟರೇ, ನಮ್ಮ ತಂದೆಯವರಿಗೆ 58 ವರ್ಷ. ಸಕ್ಕರೆ ಕಾಯಿಲೆಯಿಂದ ಎರಡೂ ಕಿಡ್ನಿಗಳು ಕೆಟ್ಟು, ವಾರಕ್ಕೆ ಮೂರು ಸಲ ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದಾರೆ. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಎಡಗೈಯ ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾ ಇದೆ. ಇತ್ತೀಚೆಗೆ ತೊಡೆಗಳು ಬಡವಾಗಿ, ಕುರ್ಚಿಯಿಂದ ಏಳುವುದಕ್ಕೂ ಕೈಯೂರಬೇಕಾಗಿದೆ. ಡಯಾಲಿಸಿಸ್ ನಡೆಯುತ್ತಿರುವಾಗಲೇ ರೋಗಿಗಳಿಂದ ಪೆಡಲ್ ತುಳಿಸುತ್ತಾರೆಂದು ಓದಿದೆ. ಮನೆಯ ಹಿರಿಯರು ಪೂರ್ಣ ವಿಶ್ರಾಂತಿ ಬೇಕೆನ್ನುತ್ತಾರೆ. ಯಾವುದು ಸರಿ?
– ಹೆಸರು ಬೇಡ, ಹಾಸನ

ಉತ್ತರ: ಹಿರಿಯರ ಕಾಳಜಿ ಅರ್ಥವಾಗುತ್ತದೆ, ಆದರೆ ಪೂರ್ಣ ವಿಶ್ರಾಂತಿಯಿಂದ ನಿಮ್ಮ ತಂದೆಯವರಿಗೆ ನಷ್ಟವೇ ಹೆಚ್ಚು. ಕಿಡ್ನಿ ವಿಫಲವಾದವರ ರಕ್ತದಲ್ಲಿ ಆಮ್ಲೀಯತೆ ಹೆಚ್ಚಿ ಸ್ನಾಯುಗಳು ಕರಗುತ್ತವೆ. ಪ್ರತಿ ಡಯಾಲಿಸಿಸ್‌ನಲ್ಲಿಯೂ ಪ್ರೋಟೀನಿನ ಮೂಲವಾದ ಅಮೈನೋ ಆಮ್ಲಗಳು ಒಂದಷ್ಟು ಸೋರಿಹೋಗುತ್ತವೆ. ರಕ್ತಹೀನತೆಯಿಂದಾಗಿ ನಡೆಯುವ ಉತ್ಸಾಹವೇ ಕುಗ್ಗುತ್ತದೆ. ಇದರ ಮೇಲೆ ವಾರಕ್ಕೆ ಹನ್ನೆರಡು ಗಂಟೆ ಯಂತ್ರದ ಪಕ್ಕದಲ್ಲಿ ಮಲಗಿ, ಮನೆಗೆ ಬಂದು ಸುಸ್ತಿನಿಂದ ಮತ್ತೆ ಮಲಗಿದರೆ ಮೊದಲು ಸೋಲುವುದು ತೊಡೆಯ ಸ್ನಾಯುಗಳೇ. ತಂದೆಯವರು ಕೈಯೂರಿ ಏಳುತ್ತಿರುವುದಕ್ಕೆ ಇದು ಮುಖ್ಯ ಕಾರಣವಿರಬಹುದು.

ಜರ್ಮನಿಯ 21 ಡಯಾಲಿಸಿಸ್ ಕೇಂದ್ರಗಳಲ್ಲಿ 900ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಡಯಾಲಿಸಿಸ್ ವೇಳೆಯಲ್ಲಿಯೇ ಒಂದು ವರ್ಷ ಪೆಡಲ್ ತುಳಿದು, ಕೈಕಾಲುಗಳಿಗೆ ಬಲ ಕೊಡುವ ವ್ಯಾಯಾಮಗಳನ್ನೂ ಮಾಡಿದವರು ಒಂದು ನಿಮಿಷದಲ್ಲಿ ಕುರ್ಚಿಯಿಂದ ಎದ್ದು ಕೂರುವ ಸಂಖ್ಯೆ ಸರಾಸರಿ 16ರಿಂದ 19ಕ್ಕೆ ಏರಿತು. ಮಾಡದೆ ಉಳಿದವರಲ್ಲಿ ಅದೇ ಸಂಖ್ಯೆ 15ರ ಹತ್ತಿರಕ್ಕೆ ಇಳಿಯಿತು. ಬ್ರಿಟನ್ನಿನಲ್ಲಿ ನಡೆದ ಮತ್ತೊಂದು ಅಧ್ಯಯನದಲ್ಲಿ ಆರು ತಿಂಗಳ ನಂತರವೂ ರೋಗಿಗಳ ಜೀವನದ ಗುಣಮಟ್ಟದಲ್ಲಿ ಹೇಳಿಕೊಳ್ಳುವಂತಹ ಬದಲಾವಣೆ ಕಾಣಲಿಲ್ಲವೆಂಬುದನ್ನೂ ಹೇಳಬೇಕು. ಅಲ್ಲಿ ಅನೇಕರು ವ್ಯಾಯಾಮವನ್ನು ನಿಯಮಿತವಾಗಿ ಮಾಡಿರಲಿಲ್ಲ. ಎರಡನ್ನೂ ಸೇರಿಸಿ ನೋಡಿದಾಗ ನನಗೆ ಅನ್ನಿಸುವುದು, ಇಲ್ಲಿ ಫಲ ಕೊಡುವುದು ಶ್ರಮದ ತೀವ್ರತೆಗಿಂತ ಬಿಡದೆ ಮಾಡುವ ಅಭ್ಯಾಸ.

ಸಮಯದ ಆಯ್ಕೆ ಬಹಳ ಮುಖ್ಯ. ನಾಲ್ಕು ಗಂಟೆಗಳ ಡಯಾಲಿಸಿಸ್‌ನಲ್ಲಿ ಮೊದಲ ಎರಡು ಗಂಟೆಗಳೊಳಗೆ ವ್ಯಾಯಾಮ ಮುಗಿಯಬೇಕು. ಯಂತ್ರವು ದೇಹದ ಹೆಚ್ಚುವರಿ ನೀರನ್ನು ತೆಗೆಯುತ್ತಾ ಹೋದಂತೆ ರಕ್ತನಾಳಗಳಲ್ಲಿನ ರಕ್ತದ ಪ್ರಮಾಣ ಕುಗ್ಗುತ್ತದೆ. ಹೀಗಾಗಿ ಬಿಪಿ ಕುಸಿಯುವುದು, ಕಾಲು ಸೆಳೆಯುವುದು, ತಲೆ ಸುತ್ತುವುದು ಹೆಚ್ಚಾಗಿ ಕೊನೆಯ ಭಾಗದಲ್ಲಿ. ಹಾಸಿಗೆಯ ತುದಿಗೆ ಜೋಡಿಸುವ ಪೆಡಲ್ ನಿಮ್ಮ ಆಸ್ಪತ್ರೆಯಲ್ಲಿ ಇಲ್ಲದಿರಬಹುದು. ಅದಿಲ್ಲದಿದ್ದರೂ ಪಾದವನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸುವುದು, ಮಂಡಿ ಮಡಚಿ ನೀಡುವುದು, ಕಾಲನ್ನು ನೇರವಾಗಿಟ್ಟು ಒಂದು ಗೇಣು ಎತ್ತಿ ಐದು ಎಣಿಸಿ ಇಳಿಸುವುದು, ಇವಿಷ್ಟನ್ನು ಐದು ನಿಮಿಷದಿಂದ ಆರಂಭಿಸಿ ವಾರಗಳು ಕಳೆದಂತೆ ಅರ್ಧ ಗಂಟೆಯವರೆಗೆ ಒಯ್ಯಬಹುದು. ಉಸಿರು ತುಸು ಹೆಚ್ಚಿದರೂ ಪಕ್ಕದವರೊಡನೆ ಮಾತನಾಡುವುದಕ್ಕೆ ಆಗುತ್ತಿರಬೇಕು. ಸೂಜಿ ಚುಚ್ಚಿರುವ ಎಡಗೈ ಮಾತ್ರ ಅಲುಗಬಾರದು. ಸೂಜಿ ಜರುಗಿದರೆ ರಕ್ತಸ್ರಾವವಾಗುವ ಅಪಾಯವಿದೆ. ಹೊದಿಕೆಯಿಂದ ಆ ಕೈಯನ್ನು ಮುಚ್ಚದೆ ಟೆಕ್ನಿಷಿಯನ್ನರಿಗೆ ಕಾಣುವಂತೆ ಇಡಬೇಕು.

ಆದರೆ ನಿಮ್ಮ ಕಿಡ್ನಿ ತಜ್ಞರ ಒಪ್ಪಿಗೆಯಿಲ್ಲದೆ ಇದಾವುದನ್ನೂ ಆರಂಭಿಸಬೇಡಿ. ತಂದೆಯವರಿಗೆ ಸಕ್ಕರೆ ಕಾಯಿಲೆಯೂ ಇರುವುದರಿಂದ ಮೊದಲು ಹೃದಯದ ಪರೀಕ್ಷೆ ಅಗತ್ಯ. ಜ್ವರವಿರುವ ದಿನ, ಬಿಪಿ ಹತೋಟಿಯಲ್ಲಿಲ್ಲದ ದಿನ, ಹಿಂದಿನ ಸರದಿ ತಪ್ಪಿಸಿಕೊಂಡು ಮೈಯಲ್ಲಿ ನೀರು ತುಂಬಿ ಏದುಸಿರು ಬರುತ್ತಿರುವ ದಿನ ವ್ಯಾಯಾಮ ಬೇಡ. ಎದೆನೋವು ಅಥವಾ ತಲೆಸುತ್ತು ಕಂಡರೆ ತಕ್ಷಣ ನಿಲ್ಲಿಸಿ ಸಿಬ್ಬಂದಿಗೆ ತಿಳಿಸಬೇಕು. ಇನ್ಸುಲಿನ್ ತೆಗೆದುಕೊಂಡು ಖಾಲಿ ಹೊಟ್ಟೆಯಲ್ಲಿ ಬಂದಿದ್ದರೆ ಸಕ್ಕರೆ ಅಂಶ ಇಳಿಯುತ್ತದೆ. ಅಂಥ ದಿನ ಮೊದಲು ಅದನ್ನು ಪರೀಕ್ಷಿಸಲಿ. ಸ್ಪರ್ಶಜ್ಞಾನ ಕಡಿಮೆಯಾದ ಪಾದಕ್ಕೆ ಉಜ್ಜಿದ ಗಾಯ ಗೊತ್ತಾಗುವುದಿಲ್ಲವಾದ್ದರಿಂದ, ಪ್ರತಿ ರಾತ್ರಿ ಅಂಗಾಲನ್ನೂ ಬೆರಳುಸಂದಿಗಳನ್ನೂ ನೀವೇ ನೋಡಿ.

ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಬೆಳಿಗ್ಗೆ ತಂಪು ಹೊತ್ತಿನಲ್ಲಿ ನಡೆಯಲಿ. ಇಲ್ಲಿ ನಮ್ಮ ಕಡೆಯ ಒಂದು ಅಭ್ಯಾಸದ ಬಗ್ಗೆ ಒತ್ತಿ ಹೇಳಬೇಕಾಗಿದೆ. ನಡೆದು ದಣಿದವರಿಗೆ ಪ್ರೀತಿಯಿಂದ ಎಳನೀರು ಕೊಡಿಸುತ್ತೇವೆ. ಅದರಲ್ಲಿ ಪೊಟ್ಯಾಸಿಯಂ ಬಹಳ ಇದೆ. ಕಿಡ್ನಿ ಅದನ್ನು ಹೊರಹಾಕಲಾರದ ಸ್ಥಿತಿಯಲ್ಲಿ ಹೃದಯದ ಬಡಿತವೇ ಏರುಪೇರಾಗಿ ಪ್ರಾಣಕ್ಕೆ ಅಪಾಯವಾಗಬಹುದು. ಬಾಯಾರಿದರೆ, ವೈದ್ಯರು ದಿನಕ್ಕೆ ನಿಗದಿ ಮಾಡಿದ ನೀರಿನ ಲೆಕ್ಕದೊಳಗೆ ಒಂದೆರಡು ಗುಟುಕು ಸಾಕು. ವ್ಯಾಯಾಮ ಮಾಡಿದೆವೆಂದು ಆ ಲೆಕ್ಕ ಹೆಚ್ಚುವುದಿಲ್ಲ, ಡಯಾಲಿಸಿಸ್ ಅವಧಿಯೂ ಕಡಿಮೆಯಾಗುವುದಿಲ್ಲ.

ಪ್ರಶ್ನೆ: ನನ್ನ ಪತ್ನಿಗೆ ಹೊಸದಾಗಿ ಫಿಸ್ಟುಲಾ ಮಾಡಿದ್ದಾರೆ. ಚೆಂಡು ಹಿಸುಕಲು ಹೇಳಿದ್ದಾರೆ. ನೋವಾದೀತೆಂದು ಅವಳು ಕೈಯನ್ನೇ ಆಡಿಸುತ್ತಿಲ್ಲ.
– ಓದುಗರು, ಶಿರಸಿ

ಉತ್ತರ: ಶಸ್ತ್ರಚಿಕಿತ್ಸಕರು ಹೇಳಿದ ದಿನದಿಂದ ಮೆತ್ತನೆಯ ಚೆಂಡನ್ನು ನಿಧಾನವಾಗಿ ಹಿಸುಕಿ ಬಿಡುವುದನ್ನು ದಿನದಲ್ಲಿ ಹಲವು ಬಾರಿ ಮಾಡಲಿ, ಇದು ರಕ್ತದ ಹರಿವನ್ನು ಹೆಚ್ಚಿಸಿ ರಕ್ತನಾಳ ಬಲಿಯಲು ನೆರವಾಗುತ್ತದೆ. ಸೂಜಿ ಚುಚ್ಚುವಷ್ಟು ಬಲಿಯಲು ಸಾಮಾನ್ಯವಾಗಿ ಆರು ವಾರಗಳಾದರೂ ಬೇಕು. ಆ ಕೈಯಲ್ಲಿ ತುಂಬಿದ ಕೊಡ ಎತ್ತುವುದು, ಬಿಗಿಯಾದ ಬಳೆ ತೊಡುವುದು, ಬಿಪಿ ನೋಡಿಸಿಕೊಳ್ಳುವುದು, ಅದರ ಮೇಲೆ ತಲೆಯಿಟ್ಟು ಮಲಗುವುದು ಬೇಡ. ಬೆಳಿಗ್ಗೆ ಮತ್ತು ರಾತ್ರಿ ಫಿಸ್ಟುಲಾದ ಮೇಲೆ ಬೆರಳಿಟ್ಟರೆ ಸಣ್ಣ ಕಂಪನ ತಿಳಿಯುತ್ತದೆ. ಅದು ನಿಂತಿದೆ ಎನ್ನಿಸಿದರೆ ಮರುದಿನದವರೆಗೆ ಕಾಯದೆ ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.