ಕಾರು ಬಿಟ್ಟರು, ರಾತ್ರಿ ಮೋಟರು ಬಿಡಲಿಲ್ಲ

ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಲಾಗಿದೆ.

ಶ್ರೀಕಾಂತ್, 43 ವರ್ಷ. ಹದಿನೆಂಟು ವರ್ಷ ಬೆಂಗಳೂರಿನಲ್ಲಿ ಐಟಿ ಕೆಲಸ ಮಾಡಿ, ತಂದೆ ತೀರಿಕೊಂಡ ಮೇಲೆ ಮಲೆನಾಡಿನ ಮೂರು ಎಕರೆ ಅಡಿಕೆ ತೋಟಕ್ಕೆ ಮರಳಿದವರು. ಮನೆಯಲ್ಲಿ ಪತ್ನಿ ಮಾಲಿನಿ, ಆರನೇ ತರಗತಿಯ ಮಗಳು, 72ರ ತಾಯಿ. ಅಕ್ಟೋಬರಿನಲ್ಲಿ ಬಂದರು. ಮಾರ್ಚ್ ತಿಂಗಳ ಒಂದು ಬೆಳಗಿನ ಜಾವ ಅಂಗಳದಲ್ಲೇ ಫಿಟ್ಸ್ ಬಂದು ಬಿದ್ದರು. ಏಳು ವಾರ ಕಳೆದು ಇನ್ನೊಂದು. ಎಂಆರ್‌ಐ, ಇಇಜಿ ಎಲ್ಲ ಆಯಿತು. ನರರೋಗ ತಜ್ಞರು ಲೆವೆಟಿರಾಸೆಟಮ್ 500 ಮಿ.ಗ್ರಾಂ. ಬೆಳಿಗ್ಗೆ-ರಾತ್ರಿ ಬರೆದುಕೊಟ್ಟು, ಚೀಟಿಯ ಕೆಳಗೆ ‘ವಾಹನ ಓಡಿಸಕೂಡದು’ ಎಂದು ಬರೆದು ಎರಡು ಗೆರೆ ಎಳೆದರು. ಮಾತ್ರೆ ಶುರುವಾದ ಮೇಲೂ ಜೂನ್ ಕೊನೆಯಲ್ಲಿ ಒಮ್ಮೆ ಬಂತು.

ನಮ್ಮ ಬಳಿ ಆಪ್ತಸಲಹೆಗೆ ಬಂದದ್ದು ಆಗಸ್ಟ್‌ನಲ್ಲಿ, ಮಾಲಿನಿಯ ಒತ್ತಾಯಕ್ಕೆ. “ಇವರು ಗೇಟು ದಾಟಿ ನಾಲ್ಕು ತಿಂಗಳಾಯ್ತು ಮೇಡಂ. ಏನು ಕೇಳಿದರೂ ಸಿಡೀತಾರೆ.” ಶ್ರೀಕಾಂತ್ ಹೇಳಿದ್ದು ಬೇರೆ: “ಅರ್ಧ ಕೆಜಿ ಸಕ್ಕರೆ ಬೇಕಂದ್ರೂ ಪಕ್ಕದ ಮನೆ ಹುಡುಗನ ಬೈಕ್ ಕಾಯ್ಬೇಕು. ಇದಕ್ಕಾ ನಾನು ಊರಿಗೆ ಬಂದಿದ್ದು?” ಪೇಟೆ 14 ಕಿ.ಮೀ. ಬಸ್ಸು ದಿನಕ್ಕೆ ಎರಡೇ ಸಲ. ಬಸ್ ನಿಲ್ಲುವ ಜಾಗಕ್ಕೆ ಮನೆಯಿಂದ ಎರಡು ಕಿ.ಮೀ. ಮಣ್ಣಿನ ರಸ್ತೆ.

ಮೊದಲ ಭೇಟಿಯಿಡೀ ಕಾರಿನ ಮಾತೇ ಆಯಿತು, ಅದನ್ನು ತಡೆಯಲಿಲ್ಲ. ಒಂದು ವರ್ಷ ಫಿಟ್ಸ್ ಬಾರದಿದ್ದರೆ ಓಡಿಸಬಹುದು ಎಂದು ಅವರು ಎಲ್ಲೋ ಓದಿದ್ದರು. ಅದು ಬ್ರಿಟನ್ನಿನಂಥ ದೇಶಗಳ ನಿಯಮ. ನಮ್ಮ ಕಾನೂನಿನಲ್ಲಿ ಅಂಥ ಅವಧಿಯ ಲೆಕ್ಕವಿಲ್ಲ. ಲೈಸೆನ್ಸಿಗೆ ಕೊಡುವ ಫಾರಂ 1ರಲ್ಲಿ ಮೂರ್ಛೆರೋಗ ಅಥವಾ ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವ ತೊಂದರೆ ಇದೆಯೇ ಎಂದು ಕೇಳುತ್ತಾರೆ. ಅದು ಸ್ವಯಂ ಘೋಷಣೆ. ಈಗಿರುವ ಲೈಸೆನ್ಸನ್ನೂ ಕಾಯಿಲೆಯ ಕಾರಣಕ್ಕೆ ರದ್ದು ಮಾಡುವ ಅಧಿಕಾರ ಮೋಟಾರು ವಾಹನ ಕಾಯ್ದೆಯ ಕಲಂ 16ರಲ್ಲಿದೆ. ಕಾಯಿಲೆ ಗೊತ್ತಿದ್ದೂ ಓಡಿಸಿದರೆ ಕಲಂ 186ರ ಪ್ರಕಾರ ಮೊದಲ ಸಲ 1,000 ರೂ., ಮತ್ತೆ ಸಿಕ್ಕಿಬಿದ್ದರೆ 2,000 ರೂ. ದಂಡ. ಮೊತ್ತ ಕೇಳಿ ಅವರು ನಕ್ಕರು. ನಗಲಿ, ತೊಂದರೆ ಇರುವುದು ದಂಡದಲ್ಲಲ್ಲ. ಅಪಘಾತವಾಗಿ ಎದುರಿನವನಿಗೆ ಪೆಟ್ಟಾದರೆ ಈ ಚೀಟಿ ಕೋರ್ಟಿನಲ್ಲಿ ಮೇಜಿನ ಮೇಲೆ ಬರುತ್ತದೆ, ವಿಮೆಯವರು ಅದನ್ನೇ ಹಿಡಿದುಕೊಳ್ಳುತ್ತಾರೆ.

“ಎಲೆಕ್ಟ್ರಿಕ್ ಸೈಕಲ್ಲಿಗೆ ಲೈಸೆನ್ಸೇ ಬೇಡವಲ್ಲ?” ಎಂಬುದು ಮುಂದಿನ ಪ್ರಶ್ನೆ. ನಿಜ, 250 ವ್ಯಾಟಿಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ. ಒಳಗಿನ ಗಾಡಿಯನ್ನು ನಿಯಮ ಮೋಟಾರು ವಾಹನವೆಂದು ಎಣಿಸುವುದಿಲ್ಲ. ಬರೀ ಲೈಸೆನ್ಸ್ ಇಲ್ಲದವನಿಗೆ ಅದು ಒಳ್ಳೆಯ ದಾರಿ. ಫಿಟ್ಸ್ ಇರುವವರು ಒಂದು ಕಡೆ ಧರೆ, ಇನ್ನೊಂದು ಕಡೆ ಹಳ್ಳ ಇರುವ ರಸ್ತೆಯಲ್ಲಿ ಹೋಗುವುದು ಬೇರೆ ಮಾತು. ಬೇಡ ಎಂದೆವು.

ಎರಡನೇ ಭೇಟಿಯಲ್ಲಿ ಮೂರೂ ಫಿಟ್ಸ್‌ನ ಹಿಂದಿನ ಮೂರು ದಿನಗಳನ್ನು ಗಂಟೆಗಂಟೆಗೆ ಬರೆಸಿದೆವು. ವೈದ್ಯರ ಬಳಿ ಇದಕ್ಕೆ ಸಮಯ ಸಿಗುವುದಿಲ್ಲ. ಆಪ್ತಸಲಹೆ ನಿಜವಾಗಿ ಉಪಯೋಗಕ್ಕೆ ಬರುವ ಜಾಗ ಇದೇ. ಮೊದಲೆರಡೂ ಬಂದದ್ದು ಬೆಳಿಗ್ಗೆ ಐದರಿಂದ ಆರೂವರೆಯ ನಡುವೆ. ಎರಡೂ ಸಲ ಆ ವಾರ ತೋಟದ ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿತ್ತು. ಒಂದು ಗಂಟೆಗೆ ಎದ್ದು ಮೋಟರು ಹಾಕುವುದು, ಮೂರಕ್ಕೆ ಸ್ಪ್ರಿಂಕ್ಲರ್ ಬದಲಿಸುವುದು, ನಾಲ್ಕೂವರೆಗೆ ಮಲಗುವುದು. ಹಾಗೆ ಐದಾರು ರಾತ್ರಿ. ನಿದ್ದೆಗೇಡು ಫಿಟ್ಸ್‌ಗೆ ಬಹು ದೊಡ್ಡ ಪ್ರಚೋದನೆ. ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮಾಡಿದ್ದರೂ ಹಗಲು ಮಲಗುತ್ತಿದ್ದರು, ಇಲ್ಲಿ ಏಳಕ್ಕೆ ಆಳುಗಳು ಬಂದುಬಿಡುತ್ತಾರೆ. ಜೂನ್‌ನಲ್ಲಿ ಬಂದದ್ದಕ್ಕೆ ಕಾರಣ ಇನ್ನೂ ಸರಳ: ಮಾತ್ರೆ ಮುಗಿದು ಎರಡು ದಿನವಾಗಿತ್ತು. ಪೇಟೆಗೆ ಹೋಗಲು ಗಾಡಿಯಿಲ್ಲ, ಇನ್ನೊಬ್ಬರನ್ನು ಕೇಳಲು ಮನಸ್ಸಿಲ್ಲ.

ಹಾಗಾಗಿ ಕಾರಿನ ಕೀಲಿ ತೆಗೆದಿಟ್ಟದ್ದರಿಂದ ಮನೆ ಸುರಕ್ಷಿತವಾಗಿರಲಿಲ್ಲ. ಅಪಾಯ ತೋಟದೊಳಗೇ ನಾಲ್ಕಾರು ಕಡೆ ಹಾಗೇ ಇತ್ತು.

ಮೊದಲು ಮಾತ್ರೆ. ದಿನಕ್ಕೆ ಎರಡರಂತೆ ತಿಂಗಳಿಗೆ 60. ಅದರ ಮೇಲೆ ಯಾವಾಗಲೂ 30 ಹೆಚ್ಚಿಗೆ, ಅಂದರೆ ಹತ್ತರ ಮೂರು ಸ್ಟ್ರಿಪ್, ರಬ್ಬರ್ ಬ್ಯಾಂಡ್ ಹಾಕಿ ಬೇರೆ ಡಬ್ಬಿಯಲ್ಲಿ. ಆ ರಬ್ಬರ್ ಬ್ಯಾಂಡ್ ಬಿಚ್ಚಿದ ದಿನವೇ ಮೆಡಿಕಲ್ ಶಾಪಿಗೆ ಫೋನು. ಸಂಜೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಲು ಅಂಗಡಿಯವರು ಒಪ್ಪಿದರು. ಒಂದು ಹೊತ್ತು ಮರೆತರೆ ನೆನಪಾದಾಗ ತೆಗೆದುಕೊಳ್ಳುವುದು. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಎರಡು ಸೇರಿಸಿ ನುಂಗುವಂತಿಲ್ಲ. ಜ್ವರಕ್ಕೆಂದು ಊರ ಡಾಕ್ಟರ ಬಳಿ ಹೋದರೂ ಈ ಚೀಟಿ ತೋರಿಸಬೇಕು, ಸಿಪ್ರೊಫ್ಲಾಕ್ಸಾಸಿನ್, ಟ್ರಮಡಾಲ್‌ನಂಥ ಕೆಲವು ಔಷಧಿಗಳು ಫಿಟ್ಸ್ ಕೆರಳಿಸಬಲ್ಲವು.

ಆಮೇಲೆ ಮೋಟರು. ಕರೆಂಟು ಬಂದಾಗ ಮೋಟರನ್ನು ತಾನೇ ಹಾಕುವ ಆಟೊ ಸ್ಟಾರ್ಟರ್ ಹಾಕಿಸಿ ಎಂದರೆ ಸಾಲದು. ಒಂದು ಫೇಸ್ ಹೋದಾಗ ಮೋಟರು ತಿರುಗಲು ಹೆಣಗಿ ವೈಂಡಿಂಗ್ ಸುಟ್ಟರೆ, ಮರುದಿನದಿಂದ ಮತ್ತೆ ರಾತ್ರಿ ಎದ್ದು ಕಾಯುವುದೇ. ಫೇಸ್ ತಪ್ಪಿದರೆ, ಬಾವಿಯಲ್ಲಿ ನೀರು ಇಳಿದರೆ ತಾನೇ ನಿಲ್ಲುವ ರಕ್ಷಣೆ ಇರುವ ಪ್ಯಾನಲ್ ಬೇಕು. ಮೊಬೈಲ್ ಸ್ಟಾರ್ಟರ್ ಬೇಡವೆಂದದ್ದು ಪಂಪ್‌ಹೌಸಿನಲ್ಲಿ ಸಿಗ್ನಲ್ ಇಲ್ಲದ್ದಕ್ಕೆ. ಸ್ಪ್ರಿಂಕ್ಲರ್ ಬದಲಿಸುವ ಕೆಲಸ ತಪ್ಪಿಸಲು ತೋಟದ ಮೇಲ್ದಂಡೆಯಲ್ಲಿ ಟ್ಯಾಂಕು: ರಾತ್ರಿ ತಾನೇ ತುಂಬಲಿ, ಹಗಲು ಇಳಿಜಾರಿನಲ್ಲಿ ನೀರು ಬಿಡಲಿ. ದುಡ್ಡು ಎಲ್ಲಿಂದ ಎಂದಾಗ ಕಾರಿನ ಕಂತಿನ ಮಾತು ಬಂತು. ಆ ಮಾತು ಅವರ ಬಾಯಿಂದಲೇ ಬಂದದ್ದು ಒಳ್ಳೆಯದಾಯಿತು.

ಮನೆಯ ಸುತ್ತಲಿನ ನಕ್ಷೆಯನ್ನು ಮಾಲಿನಿ ನೋಟ್‌ಬುಕ್ಕಿನಲ್ಲಿ ಬರೆದರು. ಬಾವಿಕಟ್ಟೆ ಎರಡೇ ಅಡಿ ಎತ್ತರ; ಕಬ್ಬಿಣದ ಜಾಲರಿ ಮುಚ್ಚಳ ಹಾಕಿಸಿ ಬೀಗ. ಹಳ್ಳಕ್ಕೆ ಹಾಕಿದ ಸಂಕ (ಕಾಲುಸೇತುವೆ) ಎರಡು ಅಡಿಕೆ ಮರದ್ದು, ಹಿಡಿಕೆ ಇಲ್ಲ. ನಾಲ್ಕು ಮರಕ್ಕೆ ಅಗಲ ಮಾಡಿ, ಸೊಂಟದೆತ್ತರಕ್ಕೆ ಬಿದಿರಿನ ಗಳು ಕಟ್ಟಿಸಿದರು. ಆದರೂ ಮಳೆಗಾಲದಲ್ಲಿ ಒಬ್ಬರೇ ದಾಟುವಂತಿಲ್ಲ, ಫಿಟ್ಸ್ ಬಂದರೆ ಗಳು ಹಿಡಿಯುವ ಕೈಯೇ ಇರುವುದಿಲ್ಲ.

ಹೆಚ್ಚು ಹೊತ್ತು ಹಿಡಿದದ್ದು ಬಚ್ಚಲುಮನೆ. ಹಂಡೆಯಲ್ಲಿ ಬೆಳಿಗ್ಗೆಯಿಂದ ಕುದಿಯುವ ನೀರು, ಪಕ್ಕದಲ್ಲೇ ಒಲೆಯ ಬಾಯಿ, ಜಾರುವ ಕಲ್ಲು, ಒಳಗಿನಿಂದ ಚಿಲಕ, ಒಳಕ್ಕೆ ತೆರೆಯುವ ಬಾಗಿಲು. ಬಾಗಿಲಿಗೆ ಅಡ್ಡ ಬಿದ್ದರೆ ಹೊರಗಿನವರು ತಳ್ಳಲೂ ಆಗದು. ಬಾಗಿಲನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಿದರು, ಚಿಲಕ ಕಿತ್ತು ಒಂದು ಟವೆಲ್ ಗುರುತು ಇಟ್ಟುಕೊಂಡರು: ಟವೆಲ್ ಹೊರಗೆ ತೂಗಿದ್ದರೆ ಒಳಗೆ ಜನ ಇದ್ದಾರೆ. ಬಕೆಟಿಗೆ ತಣ್ಣೀರು ಮೊದಲು, ಬಿಸಿನೀರು ಆಮೇಲೆ, ಅದನ್ನು ಬೇರೆಯವರು ಬೆರೆಸಿಟ್ಟ ಮೇಲೆಯೇ ಅವರು ಒಳಗೆ ಹೋಗುವುದು. ಮಣೆಯ ಮೇಲೆ ಕೂತು ಸ್ನಾನ.

ಮರ ಹತ್ತುವುದು, ಹಂಚಿನ ಮಾಡಿನ ಮೇಲೆ ದರಗು ಗುಡಿಸುವುದು, ವೀಡ್ ಕಟ್ಟರ್, ಪವರ್ ಟಿಲ್ಲರ್ ನಿಂತವು. ಕೊಯ್ಲಿಗೂ ಔಷಧಿ ಹೊಡೆಯಲಿಕ್ಕೂ ನೆಲದ ಮೇಲೆ ನಿಂತು ಉದ್ದನೆಯ ದೋಟಿ ಕೋಲಿನಿಂದ ಮಾಡುವ ತಂಡಕ್ಕೆ ಹೇಳಿದರು. ಆದರೆ ‘ಬೇಡ’ಗಳ ಪಟ್ಟಿಯನ್ನಷ್ಟೇ ಕೊಟ್ಟು ಕಳಿಸಿದರೆ ಗಂಡಸು ಮೂಲೆ ಹಿಡಿಯುತ್ತಾನೆ, ಶ್ರೀಕಾಂತ್ ಹಿಡಿದೂ ಆಗಿತ್ತು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಉಸ್ತುವಾರಿ ಪೂರ್ತಿ ಅವರಿಗೆ: 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಬೇರೆ ಬೇರೆ ಕದಡಿ ಸೇರಿಸಿ, ಹೊಳೆಯುವ ಚಾಕು ಅದ್ದಿ ನೋಡುವುದು. ಚಾಕಿನ ಮೇಲೆ ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು ಎಂದರ್ಥ. ಅಳತೆಯ ಕೆಲಸ ಅವರಿಗೆ ಒಗ್ಗಿತು.

ಫಿಟ್ಸ್ ಬಂದಾಗ ಮನೆಯವರು ಮಾಡುತ್ತಿದ್ದುದು ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಬಾಯಿಗೆ ಚಮಚ ತುರುಕುವುದು. ಕಬ್ಬಿಣದಿಂದ ಪ್ರಯೋಜನವಿಲ್ಲ, ಚಮಚದಿಂದ ಹಲ್ಲು ಮುರಿಯುತ್ತದೆ. ಶ್ರೀಕಾಂತರ ತಾಯಿಗೆ ಇದನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಕೊನೆಗೆ ಅವರಿಗೆ ಬೇರೊಂದು ಕೆಲಸ ಕೊಟ್ಟದ್ದು ಫಲಿಸಿತು: ಗಡಿಯಾರ ನೋಡುವುದು. ಮಾಲಿನಿ ತಲೆಯ ಕೆಳಗೆ ಮಡಿಸಿದ ಬಟ್ಟೆ ಇಟ್ಟು, ಕತ್ತಿ, ಕಲ್ಲು ದೂರ ಸರಿಸಿ, ನಡುಕ ನಿಂತ ಕೂಡಲೇ ಒಂದು ಮಗ್ಗುಲಿಗೆ ತಿರುಗಿಸುವುದು. ಪೂರ್ತಿ ಎಚ್ಚರ ಬರುವವರೆಗೆ ನೀರು, ಕಾಫಿ ಇಲ್ಲ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಮತ್ತೊಂದು ಬಂದರೆ 108. ಮನೆಯಲ್ಲಿ ಸಿಗ್ನಲ್ ಇಲ್ಲ, ಆದರೆ ಫೈಬರ್ ಇಂಟರ್ನೆಟ್ ಇದೆ; ಮೂವರ ಫೋನಿನಲ್ಲೂ ವೈಫೈ ಕಾಲಿಂಗ್ ಆನ್ ಮಾಡಿಸಿದೆವು, ಕರೆಂಟು ಹೋದಾಗ ರೂಟರಿಗೆ ಸಣ್ಣ ಬ್ಯಾಟರಿ. ಆಂಬುಲೆನ್ಸ್ ಚಾಲಕನಿಗೆ ಹೇಳಬೇಕಾದ ದಾರಿ ನಾಲ್ಕು ಸಾಲಿನಲ್ಲಿ ಬಾಗಿಲ ಹಿಂದೆ ಅಂಟಿಸಿದ್ದಾರೆ, ಗಾಬರಿಯಲ್ಲಿ ಮಗಳೂ ಓದಿ ಹೇಳುವಂತೆ.

ಸಿಡಿಮಿಡಿಯ ಬಗ್ಗೆ. ಎಲ್ಲವನ್ನೂ ಕಾರು ಹೋದ ದುಃಖದ ತಲೆಗೆ ಕಟ್ಟುವುದು ತಪ್ಪಾಗುತ್ತಿತ್ತು. ಲೆವೆಟಿರಾಸೆಟಮ್ ಕೆಲವರಲ್ಲಿ ಸಿಟ್ಟು, ಖಿನ್ನತೆ ತರುತ್ತದೆ, ಅಪರೂಪಕ್ಕೆ ಸಾಯುವ ಯೋಚನೆಯನ್ನೂ. ಅದನ್ನು ನೇರವಾಗಿಯೇ ಕೇಳಿದೆವು, ಇಲ್ಲ ಎಂದರು. ಸಿಟ್ಟು ಶುರುವಾದ ವಾರವೂ ಮಾತ್ರೆ ಶುರುವಾದ ವಾರವೂ ಹತ್ತಿರ ಹತ್ತಿರ ಇದ್ದುದರಿಂದ ವೈದ್ಯರಿಗೆ ಪತ್ರ ಬರೆದುಕೊಟ್ಟೆವು. ಮಾತ್ರೆಯನ್ನು ತಾವಾಗಿ ನಿಲ್ಲಿಸಕೂಡದು, ಥಟ್ಟನೆ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬರಬಹುದು ಎಂದೂ ಹೇಳಿದೆವು. ವೈದ್ಯರು ಔಷಧಿ ಬದಲಿಸಿದರು, ಹಂತ ಹಂತವಾಗಿ. ಹೊತ್ತಲ್ಲದ ಹೊತ್ತಿಗೆ ಮಾತಾಡಬೇಕೆನಿಸಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಮಾಲಿನಿ ಕಾರು ಕಲಿಯುವುದು ಮೂರನೇ ಭೇಟಿಯಲ್ಲಿ ತೀರ್ಮಾನವಾಯಿತು. ಎಲ್‌ಎಲ್ (ಕಲಿಕಾ ಲೈಸೆನ್ಸ್) ಆಗಿ 30 ದಿನಕ್ಕೆ ಟೆಸ್ಟಿಗೆ ಹೋಗಬಹುದು. ಕಲಿಯುವವರ ಪಕ್ಕ ಲೈಸೆನ್ಸ್ ಇರುವವರು ಕೂರಬೇಕೆಂದು ಶ್ರೀಕಾಂತ್ ಉತ್ಸಾಹದಿಂದ ಮುಂದೆ ಬಂದರು. ಕಷ್ಟ ಬಂದಾಗ ಬ್ರೇಕ್ ಹಿಡಿಯಬೇಕಾದವರ ಜಾಗ ಅದು, ಅವರಿಗಲ್ಲ. ಪೇಟೆಯ ಡ್ರೈವಿಂಗ್ ಸ್ಕೂಲಿಗೇ ಸೇರಿಸಿದರು. ಲೈಸೆನ್ಸ್ ಬಂದ ಮೇಲೂ ಎರಡು ತಿಂಗಳು ಶ್ರೀಕಾಂತ್ ಹಿಂದಿನ ಸೀಟಿನಲ್ಲಿ ಕೂರಬೇಕು, ಕ್ಲಚ್ಚಿನ ಬಗ್ಗೆ ಮಾತಾಡಕೂಡದು ಎಂಬ ಷರತ್ತು ಮಾಲಿನಿಯದು. ಅಲ್ಲಿಯವರೆಗೆ ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶನಿವಾರ, ಗೊತ್ತುಪಡಿಸಿದ ಆಟೊ. ದಿನ ಗೊತ್ತಾದದ್ದರಿಂದ ಕೇಳಿಕೊಂಡು ಹೋಗುವ ಸಂಕೋಚ ತಪ್ಪಿತು. ಅಕ್ಕಪಕ್ಕದ ಮನೆಯವರೂ ತಮ್ಮ ಸಾಮಾನಿನ ಚೀಟಿ ಕೊಡತೊಡಗಿದರು.

ಡಿಸೆಂಬರಿನವರೆಗೆ ಮತ್ತೆ ಫಿಟ್ಸ್ ಬಂದಿಲ್ಲ. ಅಡಿಕೆ ಸುಲಿಯುವ ದಿನಗಳಲ್ಲಿ ಅವರು ಮೆಟ್ಟುಗತ್ತಿಯ ಮುಂದೆ ಕೂರಲಿಲ್ಲ, ತೂಕದ ಪುಸ್ತಕ ನೋಡಿಕೊಂಡರು. ಹತ್ತಕ್ಕೆ ಮಲಗಬೇಕೆಂಬ ಮಾತು ಎರಡು ರಾತ್ರಿ ಮುರಿದದ್ದನ್ನು ಮಾಲಿನಿ ನಮ್ಮೆದುರು ಹೇಳಿಬಿಟ್ಟರು. ಆಳುಗಳಿಗೆ ಶ್ರೀಕಾಂತ್ ಇನ್ನೂ ಬಿಪಿ ಎಂದೇ ಹೇಳಿಟ್ಟಿದ್ದಾರೆ. ತೋಟದಲ್ಲಿ ಬಿದ್ದರೆ ಏನು ಮಾಡಬೇಕೆಂದು ಅವರಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು, ಯಾರಿಗೆ ಹೇಳುವುದೆಂದು ಯೋಚಿಸಿ ಬರುತ್ತೇನೆ ಎಂದಿದ್ದಾರೆ. ಮುಂದಿನ ಭೇಟಿ ಫೆಬ್ರವರಿ ಮೂರನೇ ವಾರ, ತೋಟಕ್ಕೆ ನೀರು ಬಿಡುವ ರಾತ್ರಿಗಳು ಶುರುವಾಗುವ ಮುಂಚೆ.