ತಪ್ಪು ಯಾವ ಚೀಲದಲ್ಲಿದೆ?

ಪ್ರಶ್ನೆ: ಸಕಲೇಶಪುರದ ಕಾಫಿ ವ್ಯಾಪಾರಿಯೊಬ್ಬರಿಗೆ ಖರೀದಿ ತಂತ್ರಾಂಶ ಬರೆದುಕೊಟ್ಟಿದ್ದೇನೆ. ಒಂದು ರಸೀದಿಯಲ್ಲಿ ಹಲವು ಲಾಟ್‌ಗಳು, ಪ್ರತಿ ಲಾಟ್‌ನಲ್ಲಿ ಹಲವು ಚೀಲಗಳು. ಯಾವುದೋ ಒಂದು ಚೀಲದ ತೂಕ ಬಿಟ್ಟುಹೋದರೂ ‘ಲಾಟ್ ಅಮಾನ್ಯ’ ಎಂದಷ್ಟೇ ಬರುತ್ತದೆ. ಏನು ಮಾಡಲಿ?

ಉತ್ತರ: ಕೊಯ್ಲು ಶುರುವಾಯಿತೆಂದರೆ ಈ ಪ್ರಶ್ನೆಯೂ ಶುರುವಾಗುತ್ತದೆ. ಸೇವ್ ಮಾಡುವ ಕೋಡನ್ನೆಲ್ಲ ಟ್ರೈ-ಕ್ಯಾಚ್ ಎಂಬ ದೋಷ ಹಿಡಿಯುವ ಕಟ್ಟಿನೊಳಗೆ ತುರುಕಿ ‘ಏನೋ ತಪ್ಪಾಗಿದೆ’ ಎಂದು ತೋರಿಸಿದರೆ ಸಾಕೆಂದು ಕಲಿಸುವ ವಿಡಿಯೊ ಪಂಡಿತರನ್ನು ದಯವಿಟ್ಟು ದೂರವಿಡಿ. ಚೀಲದಲ್ಲಿ ಸಿಕ್ಕ ದೋಷವನ್ನು ಲಾಟ್, ಲಾಟ್‌ನಲ್ಲಿ ಸಿಕ್ಕ ದೋಷವನ್ನು ರಸೀದಿ ನುಂಗಿಹಾಕಬಾರದು. ಪ್ರತಿ ಹಂತವೂ ತನ್ನ ಹೆಸರನ್ನೂ ಸ್ಥಾನವನ್ನೂ ಅದರ ಮುಂದೆ ಸೇರಿಸಿ ಮೇಲಕ್ಕೆ ಕಳುಹಿಸಬೇಕು. ಹಾಗೆ ಮಾಡಿದರೆ ‘/ಲಾಟ್‌ಗಳು/1/ಚೀಲಗಳು/3/ತೂಕ’ ಎಂಬಂಥ ಪೂರ್ಣ ವಿಳಾಸ ದೊರೆಯುತ್ತದೆ. ಇದು ಜೆಸನ್ ಎಂಬ ದತ್ತಾಂಶ ರೂಪದೊಳಗಿನ ಜಾಗವನ್ನು ತೋರಿಸಲು, ಜೆಸನ್ ಪಾಯಿಂಟರ್ ಎಂಬ ಹೆಸರಿನಲ್ಲಿ, 2013ರಲ್ಲಿ ಆರ್‌ಎಫ್‌ಸಿ 6901 ಎಂಬ ಅಂತರ್ಜಾಲ ಮಾನಕ ದಾಖಲೆ ನಿಗದಿಪಡಿಸಿದ ರೂಪ. ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ಇಲ್ಲಿ ತಪ್ಪಿರುವುದು ಎರಡನೆಯ ಲಾಟ್‌ನ ನಾಲ್ಕನೆಯ ಚೀಲದಲ್ಲಿ. ಮೊದಲ ದೋಷಕ್ಕೇ ನಿಲ್ಲದೆ ಎಲ್ಲವನ್ನೂ ಒಟ್ಟಿಗೆ ಕೊಡಿ, ಇಲ್ಲವಾದರೆ ಗುಮಾಸ್ತರು ಒಂದು ರಸೀದಿಗಾಗಿ ಪದೇಪದೇ ಸೇವ್ ಒತ್ತಬೇಕಾಗುತ್ತದೆ.

ನೀವು ರೈಲ್ಸ್ ಎಂಬ ವೆಬ್ ಚೌಕಟ್ಟನ್ನು ಬಳಸುತ್ತಿದ್ದರೆ, ದೋಷದ ಜೊತೆ ಸಾಲಿನ ಕ್ರಮಸಂಖ್ಯೆ ಕೊಡುವ ‘ಇಂಡೆಕ್ಸ್ ಎರರ್ಸ್’ ಆಯ್ಕೆ ಅದರಲ್ಲಿ 5ನೇ ಆವೃತ್ತಿಯಿಂದಲೇ ಇದೆ. ಆದರೆ ಕ್ರಮಸಂಖ್ಯೆಯೊಂದನ್ನೇ ನಂಬಬೇಡಿ. ಖಾಲಿ ಸಾಲುಗಳನ್ನು ಸರ್ವರ್ ಕೈಬಿಟ್ಟರೆ, ಅಥವಾ ಉತ್ತರ ಬರುವುದರೊಳಗೆ ಗುಮಾಸ್ತರು ಒಂದು ಸಾಲನ್ನು ಅಳಿಸಿದರೆ, ಕೆಂಪು ಗುರುತು ಸರಿಯಾಗಿರುವ ಪಕ್ಕದ ಚೀಲಕ್ಕೆ ಬೀಳುತ್ತದೆ. ಹೊಸ ಚೀಲಕ್ಕೆ ಡೇಟಾಬೇಸ್‌ನ ಐಡಿ ಇನ್ನೂ ಇರುವುದಿಲ್ಲವಾದ್ದರಿಂದ, ಪರದೆಯಲ್ಲಿ ಸಾಲು ಹುಟ್ಟಿದಾಗಲೇ ಅದಕ್ಕೊಂದು ತಾತ್ಕಾಲಿಕ ಗುರುತು ಕೊಟ್ಟು, ದೋಷದ ಜೊತೆಗೆ ಅದನ್ನೇ ಹಿಂದಿರುಗಿಸಿ.

ಚೀಲದ ಸಂಖ್ಯೆ ಎರಡು ಸಲ ಬಂದಿದೆ ಎಂಬಂಥ ದೋಷ ಬೇರೆ ಜಾತಿಯದು. ಅದನ್ನು ಕೊನೆಯ ಮಾತಾಗಿ ಹೇಳುವುದು ಡೇಟಾಬೇಸ್. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ 23505 ಎಂಬ ಸಂಕೇತದ ಜೊತೆಗೆ ಮುರಿದ ನಿರ್ಬಂಧದ (ಸಂಖ್ಯೆ ಮರುಕಳಿಸಬಾರದೆಂಬ ನಿಯಮದ) ಹೆಸರನ್ನು ಕೊಡುತ್ತದೆಯೇ ಹೊರತು, ನಿಮ್ಮ ರಸೀದಿಯೊಳಗೆ ಅದು ಎಷ್ಟನೆಯ ಚೀಲವೆಂಬುದು ಅದಕ್ಕೆ ತಿಳಿದಿರುವುದಿಲ್ಲ. ಹೀಗಾಗಿ ಒಂದೇ ರಸೀದಿಯೊಳಗಿನ ಪುನರಾವರ್ತನೆಯನ್ನು ಮೊದಲೇ ಹುಡುಕಿ. ಸೇರಿಸುವಾಗ ಯಾವ ಸಾಲು ಕೈಯಲ್ಲಿದೆ ಎಂಬುದನ್ನು ನೆನಪಿಟ್ಟುಕೊಂಡು, ನಿರ್ಬಂಧದ ಹೆಸರನ್ನು ವಿಳಾಸಕ್ಕೆ ಹೊಂದಿಸಿ. ಸಂದೇಶದ ಪಠ್ಯವನ್ನು ಕತ್ತರಿಸಿ ಅರ್ಥ ಹುಡುಕುವ ಕೆಲಸ ಬೇಡ, ಭಾಷೆಯ ಸೆಟ್ಟಿಂಗ್ ಬದಲಾದರೆ ಅದೂ ಬದಲಾಗುತ್ತದೆ. ಒಮ್ಮೆ ದೋಷ ಬಂದ ವಹಿವಾಟನ್ನು (ಒಟ್ಟಾಗಿ ಉಳಿಯಬೇಕಾದ ಬದಲಾವಣೆಗಳ ಗುಂಪನ್ನು) ಪೋಸ್ಟ್‌ಗ್ರೆಸ್ ರೋಲ್‌ಬ್ಯಾಕ್ ಆಗುವವರೆಗೆ, ಅಂದರೆ ಅದು ರದ್ದಾಗಿ ಹಿಂದಕ್ಕೆ ಹೋಗುವವರೆಗೆ, ಮುಂದುವರಿಸುವುದಿಲ್ಲ. ನಡುವೆ ಮರಳಿಬರಲು ಸೇವ್‌ಪಾಯಿಂಟ್ ಇಟ್ಟು ಉಳಿದ ಚೀಲಗಳನ್ನಾದರೂ ಉಳಿಸಿಕೊಳ್ಳಬಹುದು ನಿಜ. ದುಡ್ಡಿನ ಲೆಕ್ಕವಿರುವ ರಸೀದಿಯಲ್ಲಿ ನಾನಂತೂ ಅರ್ಧ ಉಳಿಸಲು ಒಪ್ಪುವುದಿಲ್ಲ.

ಪ್ರಶ್ನೆ: ಬ್ರೌಸರ್‌ನಲ್ಲೇ ಪರಿಶೀಲಿಸಿದರೆ ಸಾಲದೆ? (ಹಾಸನ)

ಉತ್ತರ: ಸಾಲದು.

ಪ್ರಶ್ನೆ: ಮೊಂಗೋಡಿಬಿ ಎಂಬ ಬೇರೆ ಡೇಟಾಬೇಸ್‌ಗೆ ಹೋದರೆ ಈ ತಲೆನೋವೇ ಇರುವುದಿಲ್ಲವಂತೆ? (ಕಡೂರು)

ಉತ್ತರ: ಅದರಲ್ಲೂ 3.6ನೇ ಆವೃತ್ತಿಯಿಂದ, ದತ್ತಾಂಶ ಹೇಗಿರಬೇಕೆಂಬ ನಿಯಮ ಹಾಕುವ ಜೆಸನ್ ಸ್ಕೀಮಾ ಪರಿಶೀಲನೆ ಇದೆ. ಅದನ್ನು ಬಳಸದೆ ಹೋದರೆ ತೂಕವಿಲ್ಲದ ಚೀಲ ಸದ್ದಿಲ್ಲದೆ ಉಳಿಯುತ್ತದೆ, ತಲೆನೋವು ಲೆಕ್ಕಿಗರಿಗೆ ಹೋಗುತ್ತದೆ.